‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಇರುವುದು ದಾದ್ರಾದಲ್ಲಿ, ಕೆಹರ್ವಾ ಬಾರಿಸಬೇಡಿ

ಮಾನ್ಯ ಸಂಪಾದಕರೇ,

ಕಾಲೇಜು ವಾರ್ಷಿಕೋತ್ಸವಗಳಲ್ಲಿ ವರ್ಷಾ ವರ್ಷಾ ಅದೇ ಒಂದು ಇಂಗ್ಲಿಷ್ ಹಾಡು ಕೇಳಿ ಸಾಕಾಗಿದೆ, ಅದಕ್ಕೆ ರಾಗವಿಲ್ಲ, ತಾಳವಂತೂ ಮೊದಲೇ ಇಲ್ಲ, ಹುಡುಗರಿಗೆ ಅದೊಂದು ಸೋಗು ಎಂದು ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಹಿರಿಯರೊಬ್ಬರು ಬರೆದಿದ್ದರು. ಹಾಡಿನ ಹೆಸರು ಬರೆದಿರಲಿಲ್ಲ. ‘ಟಿಣ್ ಟಿಣ್ ಎಂದು ಒಂದು ನಿಮಿಷ ತಂತಿ ಮೀಟಿದ ಮೇಲೆ ಹಾಡಲು ಬಾಯಿ ತೆರೆಯುತ್ತಾರೆ’ ಎಂದಿದ್ದರಲ್ಲ, ಅಷ್ಟು ಸಾಕು. ಅದು ಮೆಟಾಲಿಕಾ ತಂಡದ ‘ನಥಿಂಗ್ ಎಲ್ಸ್ ಮ್ಯಾಟರ್ಸ್’. ರಾಯಚೂರಿನಲ್ಲಿ ಗಿಟಾರ್ ಕಲಿಸುವ, ತಬಲಾ ನುಡಿಸುವ, ಸಮಾರಂಭಗಳಿಗೆ ಸೌಂಡ್ ಹಾಕುವ ನಾವು ಮೂವರು ಸೇರಿ ಈ ಉತ್ತರ ಬರೆಯುತ್ತಿದ್ದೇವೆ. ಹಿರಿಯರ ದೂರಿನಲ್ಲಿ ಅರ್ಧ ನಿಜವಿದೆ. ನಮ್ಮ ವೇದಿಕೆಗಳ ಮೇಲೆ ಈ ಹಾಡು ಬಹಳ ಸಲ ಕೆಡುತ್ತದೆ. ಆದರೆ ರಾಗ ತಾಳ ಇಲ್ಲ ಎಂಬುದನ್ನು ಒಪ್ಪಲಾಗದು. ತಾಳ ಇದೆ, ಅದೂ ನಮ್ಮೂರ ಭಜನೆ ಮಂಡಳಿಗಳಿಗೆ ಕರತಲಾಮಲಕವಾದ ತಾಳ. ಅದನ್ನು ಬಿಟ್ಟು ಬೇರೆ ತಾಳ ಬಾರಿಸುವುದರಿಂದಲೇ ಹಾಡು ಕೆಡುತ್ತಿದೆ.

ಮೊದಲು ಹಾಡಿನ ಪೂರ್ವಾಪರ ಚುಟುಕಾಗಿ. ಮೆಟಾಲಿಕಾ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ತಂಡ. ವೇಗ, ಸಿಟ್ಟು, ಅಬ್ಬರಕ್ಕೆ ಹೆಸರಾದದ್ದು. 1991ರ ಆಗಸ್ಟ್ 12ರಂದು ತಂಡದ ಹೆಸರನ್ನೇ ಇಟ್ಟುಕೊಂಡು, ಕಪ್ಪು ಹೊದಿಕೆಯಲ್ಲಿ ಬಂದ ಆಲ್ಬಮ್‌ನಲ್ಲಿ ಈ ಹಾಡಿದೆ. 1992ರಲ್ಲಿ ಬಿಡಿಯಾಗಿಯೂ ಹೊರಬಂತು. ಉದ್ದ 6 ನಿಮಿಷ 28 ಸೆಕೆಂಡು. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಗೆಳತಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಾ, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಗಿಟಾರಿನ ಬಿಡಿ (ಬೆರಳಿನಿಂದ ಒತ್ತದ) ತಂತಿಗಳನ್ನು ಸುಮ್ಮನೆ ಮೀಟುತ್ತಿದ್ದಾಗ ಇದು ಹುಟ್ಟಿತು. ತಂಡಕ್ಕೆಂದು ಬರೆದದ್ದಲ್ಲ. ಊರೂರು ತಿರುಗುವವನು ದೂರದಲ್ಲಿರುವವಳಿಗೆ ಹೇಳಿಕೊಂಡ ಮಾತು. ನಿರ್ಮಾಪಕ ಬಾಬ್ ರಾಕ್, ಹಿನ್ನೆಲೆಯ ವಾದ್ಯವೃಂದದ ಸಂಯೋಜನೆ ಮೈಕೆಲ್ ಕಾಮೆನ್ ಅವರದು. ಕೊನೆಯ ಸೋಲೋ (ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ) ಕೂಡ ಹೆಟ್‌ಫೀಲ್ಡ್ ಕೈಯದೇ. ತಂಡದ ಮುಖ್ಯ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಮೂಲ ಧ್ವನಿಮುದ್ರಣದಲ್ಲಿ ಈ ಹಾಡಿಗೆ ನುಡಿಸಿಲ್ಲ. ಹಾಡು ಬಂದ ಹೊಸತರಲ್ಲಿ ತಂಡದ ಹಳೆಯ ಅಭಿಮಾನಿಗಳೇ ‘ಇವರು ಮೆತ್ತಗಾದರು’ ಎಂದು ಮೂಗು ಮುರಿದರು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನದವರೆಗೆ ಹೋಯಿತು, ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಮೊದಲ 30ರೊಳಗೂ ಬರಲಿಲ್ಲ. ಆ ವಾರಗಳಲ್ಲಿ ಇದರ ಮೇಲಿದ್ದ ಹಾಡುಗಳಲ್ಲಿ ಎಷ್ಟನ್ನು ಇವತ್ತು ನಮ್ಮ ಹುಡುಗರು ಮೀಟುತ್ತಾರೆ?

ಇನ್ನು ಅದರ ಕಟ್ಟಡ. ಗಿಟಾರಿನ ಆರು ತಂತಿಗಳ ವಾಡಿಕೆಯ ಶ್ರುತಿ ದಪ್ಪ ತಂತಿಯಿಂದ ಸಣ್ಣದರವರೆಗೆ ಇ, ಎ, ಡಿ, ಜಿ, ಬಿ, ಇ. ತಂತಿಗಳ ಎಣಿಕೆ ಮಾತ್ರ ಸಣ್ಣದರಿಂದ: ಸಣ್ಣದು 1, ದಪ್ಪದು 6. ಇದರಲ್ಲಿ 6, 3, 2, 1ನೇ ತಂತಿಗಳನ್ನಷ್ಟೇ ತೆಗೆದುಕೊಂಡರೆ ಇ, ಜಿ, ಬಿ, ಇ. ಅಂದರೆ ಏನೂ ಒತ್ತದೆಯೇ ಇ ಮೈನರ್ ಕಾರ್ಡ್ (ಜೊತೆಗೂಡಿ ನುಡಿಯುವ ಸ್ವರಗಳ ಗುಚ್ಛ) ಕೈಯಲ್ಲಿದೆ. ಹಾರ್ಮೋನಿಯಮ್ ಲೆಕ್ಕದಲ್ಲಿ ಬಿಳಿ ಮೂರನ್ನು ಷಡ್ಜವಾಗಿಟ್ಟುಕೊಂಡರೆ ಇದು ಷಡ್ಜ, ಕೋಮಲ (ಅರ್ಧ ಸ್ವರ ಇಳಿಸಿದ) ಗಾಂಧಾರ, ಪಂಚಮ, ತಾರ ಷಡ್ಜ. ಹಾಡು ಶುರುವಾಗುವುದು ಹೀಗೆ: ಸ ಗ ಪ, ಸ ಪ ಗ. ಆರು ಮೀಟು, ಒಂದು ಆವರ್ತ. ಮತ್ತೆ ಅದೇ ಆರು. ಎಡಗೈಗೆ ಕೆಲಸವೇ ಇಲ್ಲ. ಆಮೇಲಷ್ಟೇ ಎಡಗೈ ಏಳನೇ ಮನೆಯ (ಗಿಟಾರಿನ ಕುತ್ತಿಗೆಯ ಮೇಲೆ ಬೆರಳಿಡುವ ಜಾಗದ) ಸುತ್ತ ಸುಳಿಯತೊಡಗುತ್ತದೆ.

ಬೇರೆ ಯಾವ ಪ್ರಸಿದ್ಧ ಹಾಡು ಕಲಿಯಲು ಹೊರಟರೂ ಮೊದಲ ದಿನವೇ ಎಡಗೈ ಬೆರಳು ನೊಂದು, ಕಾರ್ಡ್ ಬದಲಿಸುವಾಗ ಸ್ವರ ಸತ್ತು, ಹುಡುಗನ ಉತ್ಸಾಹ ಇಳಿಯುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಗಿಟಾರ್ ಕೈಗೆ ಬಂದ ಮೊದಲ ಸಂಜೆಯೇ ಲೋಕಪ್ರಸಿದ್ಧ ಹಾಡಿನ ಮೊದಲ ಆವರ್ತಗಳು ಅವನ ಕೈಯಿಂದ ಹೊರಡುತ್ತವೆ, ಅಡುಗೆಮನೆಯಲ್ಲಿದ್ದವರೂ ಒಮ್ಮೆ ಇಣುಕಿ ನೋಡುತ್ತಾರೆ. ಅದೇ ಹಾಡಿನ ಕೊನೆಯ ಸೋಲೋ ಚೆನ್ನಾಗಿ ನುಡಿಸಲು ಎರಡು ಮೂರು ವರ್ಷ ಬೇಕು. ಹೊಸಬನಿಗೆ ಹೊಸ್ತಿಲಷ್ಟು ತಗ್ಗು, ಬಲ್ಲವನಿಗೆ ಮಾಳಿಗೆಯಷ್ಟು ಎತ್ತರ. ಒಂದೇ ಹಾಡಿನಲ್ಲಿ ಎರಡೂ ಇರುವುದು ಅಪರೂಪ. ಇದು ಮೂವತ್ತು ವರ್ಷ ದಾಟಿದರೂ ಬದುಕಿರುವುದಕ್ಕೆ ನಾವು ಕೊಡುವ ಮೊದಲ ಕಾರಣ ಇದೇ.

ತಾಳಕ್ಕೆ ಬರೋಣ. ಪಾಶ್ಚಾತ್ಯ ಲಿಪಿಯಲ್ಲಿ ಇದನ್ನು ಆರು-ಎಂಟು ಎಂದು ಬರೆಯುತ್ತಾರೆ, ನಮ್ಮಲ್ಲಿ ಇದಕ್ಕೆ ದಾದ್ರಾ ಎನ್ನುತ್ತೇವೆ. ಆರು ಮಾತ್ರೆ, ಮೂರು ಮೂರರ ಎರಡು ಭಾಗ. ಧಾ ಧೀ ನಾ, ಧಾ ತೀ ನಾ. ಶಾಲೆಯಲ್ಲಿ ಭೋಗ ಷಟ್ಪದಿಗೆ ಪ್ರಸ್ತಾರ ಹಾಕಿ ಮೂರು ಮೂರು ಮಾತ್ರೆಗೆ ಗೆರೆ ಎಳೆದವರಿಗೆ ಈ ಎಣಿಕೆ ಹೊಸದಲ್ಲ. ಮೊದಲ ಮಾತ್ರೆಗೆ ಸಮ (ಆವರ್ತ ಶುರುವಾಗುವ ಪೆಟ್ಟು), ಅಲ್ಲಿಗೆ ದಪ್ಪ ತಂತಿಯ ಷಡ್ಜ ಬೀಳುತ್ತದೆ. ನಾಲ್ಕನೆಯದು ಖಾಲಿ (ಹಗುರ ಪೆಟ್ಟಿನ ಜಾಗ), ಅಲ್ಲಿಗೆ ಸಣ್ಣ ತಂತಿಯ ತಾರ ಷಡ್ಜ. ಮೂಲದಲ್ಲಿ ಡ್ರಮ್ ಸೇರಿಕೊಂಡಾಗ ಕಾಲಿನ ಡ್ರಮ್ ಒಂದಕ್ಕೆ, ಕೋಲಿನಿಂದ ಹೊಡೆಯುವ ಸ್ನೇರ್ ಡ್ರಮ್ಮಿನ ಪೆಟ್ಟು ನಾಲ್ಕಕ್ಕೆ. ಗತಿ ಮಾತ್ರೆ ಲೆಕ್ಕದಲ್ಲಿ ನಿಮಿಷಕ್ಕೆ 140ರ ಆಸುಪಾಸು, ಒಂದು ಆವರ್ತಕ್ಕೆ ಎರಡೂವರೆ ಸೆಕೆಂಡು. ಸ್ನೇರ್ ಪೆಟ್ಟುಗಳ ನಡುವೆ ಇಷ್ಟು ಬಿಡುವಿರುವುದರಿಂದ ಕೇಳುವವನಿಗೆ ಹಾಡು ಬಹಳ ನಿಧಾನ ಅನಿಸುತ್ತದೆ. ಮೀಟುವವನ ಬೆರಳು ಮಾತ್ರ ಸತತ ನಡೆಯುತ್ತಿರುತ್ತದೆ. ಮೇಲೆ ಶಾಂತ, ಒಳಗೆ ಓಟ. ನದಿ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ವೇದಿಕೆಯಲ್ಲಿ ಆಗುವುದೇನು? ಆರ್ಕೆಸ್ಟ್ರಾದ ಕೀಬೋರ್ಡ್‌ನವರು ಗುಂಡಿ ಒತ್ತಿದರೆ ಮೊದಲು ಬರುವುದು ನಾಲ್ಕರ ರಿದಮ್. ಪ್ಯಾಡ್ ಬಾರಿಸುವವರಿಗೂ ತಬಲಾದವರಿಗೂ ಕೈಗೆ ಹತ್ತಿದ್ದು ಎಂಟು ಮಾತ್ರೆಯ ಕೆಹರ್ವಾ. ಗಿಟಾರ್ ಆರರಲ್ಲಿ, ತಾಳ ಎಂಟರಲ್ಲಿ ನಡೆದರೆ ನಾಲ್ಕು ಗಿಟಾರ್ ಆವರ್ತಕ್ಕೆ ಮೂರು ತಾಳದ ಆವರ್ತ ಆಗಿ, 24 ಮಾತ್ರೆಗೊಮ್ಮೆ ಮಾತ್ರ ಇಬ್ಬರ ಸಮ ಕೂಡುತ್ತದೆ. ನಡುವಿನಲ್ಲಿ ಹಾಡುವವನು ಯಾರನ್ನು ಹಿಡಿಯಬೇಕೋ ತಿಳಿಯದೆ ಒದ್ದಾಡುತ್ತಾನೆ. ಹಿರಿಯರಿಗೆ ‘ತಾಳವೇ ಇಲ್ಲ’ ಎಂದು ಕೇಳಿಸಿದ್ದು ಬಹುಶಃ ಈ ಜಗ್ಗಾಟ. ಕೀಬೋರ್ಡ್‌ನಲ್ಲಿ ‘ಸ್ಲೋ ರಾಕ್’ ಅಥವಾ ಆರು-ಎಂಟು ಎಂದಿರುವ ಸ್ಟೈಲ್ ಹುಡುಕಿ. ಸ್ಲೋ ರಾಕ್ ಆದರೆ ಟೆಂಪೋ 46 ಅಥವಾ 47ಕ್ಕೆ ಇಡಬೇಕು, ಏಕೆಂದರೆ ಅಲ್ಲಿ ಯಂತ್ರ ಮೂರು ಮಾತ್ರೆಗೆ ಒಂದರಂತೆ ಎಣಿಸುತ್ತದೆ. ಅಲ್ಲಿ 140 ಎಂದು ಕೊಟ್ಟು ‘ಇದೇನ್ರೀ ಕುದುರೆ ಓಡಿದಂಗ’ ಎಂದು ಗಾಬರಿಯಾಗುವವರು ಬೇಕಾದಷ್ಟಿದ್ದಾರೆ.

ತಬಲಾದವರಿಗೆ ಇನ್ನೊಂದು ಮಾತು. ದಾದ್ರಾ ಎಂದಾಕ್ಷಣ ಠುಮ್ರಿ ಅಂಗದ ಲಗ್ಗಿ (ವೇಗದ ಅಲಂಕಾರದ ಬಾರಿಸುವಿಕೆ) ಶುರು ಮಾಡುವುದು ಕೈಯ ಚಟ. ಇಲ್ಲಿ ಬೇಡ. ಖಾಲಿಯನ್ನು ಹಗುರ ಮಾಡುವುದೂ ಬೇಡ. ನಾಲ್ಕನೇ ಮಾತ್ರೆಗೆ ಕಿನಾರಿನ (ತಬಲಾ ಅಂಚಿನ) ಗಟ್ಟಿ ‘ನಾ’ ಕೊಟ್ಟು, ಒಂದಕ್ಕೆ ಡಗ್ಗಾದ (ಎಡಗೈಯ ದೊಡ್ಡ ತಬಲಾದ) ತುಂಬು ನಾದ ಕೊಟ್ಟು, ಉಳಿದ ನಾಲ್ಕನ್ನು ಬೆರಳ ತುದಿಯಲ್ಲಿ ಇಡಿ. ಹಾಡಿನ ಶುರುವಿನಲ್ಲಿ ತಾಳವಾದ್ಯವೇ ಇಲ್ಲ, ಆಗ ಕೈ ಕಟ್ಟಿ ಕೂರುವುದೇ ನುಡಿಸಾಣಿಕೆ. ಐದು ಇಂಚಿನ ಬಾಯಿಯ ದಾಯಾ (ಬಲಗೈ ತಬಲಾ) ಇದ್ದರೆ ಬಿಳಿ ಮೂರಕ್ಕೆ ಏರಿಸಬಹುದು. ದೊಡ್ಡ ಬಾಯಿಯದನ್ನು ಅಷ್ಟು ಎಳೆಯಲು ಹೋಗಿ ತೊಗಲು ಹರಿದುಕೊಳ್ಳುವ ಬದಲು ಕೆಳಗಿನ ಬಿಳಿ ಏಳಕ್ಕೆ, ಅಂದರೆ ಪಂಚಮಕ್ಕೆ ಕೂಡಿಸಿ. ಷಡ್ಜ ಪಂಚಮ ಎರಡೂ ಗಿಟಾರಿನಲ್ಲಿ ಸದಾ ನಾದ ಮಾಡುತ್ತಿರುವುದರಿಂದ ಎರಡೂ ಹೊಂದುತ್ತವೆ.

ರಾಗದ ವಿಷಯ ಸ್ವಲ್ಪ ಸೂಕ್ಷ್ಮ. ಹಾಡಿನ ಒಟ್ಟು ಮೈ ಅಸಾವರಿ ಥಾಟಿನದು (ಥಾಟು ಎಂದರೆ ಸ್ವರಗಳ ಚೌಕಟ್ಟು), ಅಂದರೆ ಗಾಂಧಾರ, ಧೈವತ, ನಿಷಾದ ಮೂರೂ ಕೋಮಲ. ಚರಣದ ಕಾರ್ಡ್‌ಗಳು ಇ ಮೈನರ್, ಡಿ, ಸಿ. ಮೂರು ಸಾಲು ಇವೇ ಮೂರರ ಸುತ್ತ ಇಳಿಯುತ್ತವೆ. ನಾಲ್ಕನೇ ಸಾಲಿಗೆ, ಹಾಡಿನ ಹೆಸರು ಬರುವ ಜಾಗದಲ್ಲಿ, ಜಿ, ಬಿ ಸೆವೆನ್ತ್, ಇ ಮೈನರ್. ಈ ಬಿ ಸೆವೆನ್ತ್‌ನಲ್ಲೇ ಹಾಡಿನ ಜೀವ ಇದೆ. ಅದರಲ್ಲಿರುವ ಸ್ವರಗಳು ಪಂಚಮ, ಶುದ್ಧ ನಿಷಾದ, ರಿಷಭ, ಮಧ್ಯಮ. ಅಷ್ಟು ಹೊತ್ತು ಕೋಮಲ ನಿಷಾದವನ್ನೇ ಕೇಳಿದ ಕಿವಿಗೆ ಒಮ್ಮೆಲೇ ಶುದ್ಧ ನಿಷಾದ ಬಿದ್ದರೆ ಅದು ಷಡ್ಜಕ್ಕೆ ಹೋಗದೆ ನಿಲ್ಲಲಾರದು. ಎಳೆತ, ಬಿಡುಗಡೆ ಎರಡೂ ಆ ಒಂದು ಆವರ್ತದಲ್ಲಿ ಆಗಿಬಿಡುತ್ತದೆ. ನಮ್ಮ ಹುಡುಗರು ಬಿ ಸೆವೆನ್ತ್ ಬಿಟ್ಟು ಅಲ್ಲಿ ಬಿ ಮೈನರ್ ಹಿಡಿಯುತ್ತಾರೆ. ಶುದ್ಧ ನಿಷಾದ ಹೋಗಿ ಕೋಮಲ ನಿಷಾದ ಬರುತ್ತದೆ, ಎಳೆತ ಮಾಯ, ಸಾಲು ಸಪ್ಪೆ. ಕೇಳುವವರಿಗೆ ಏನು ತಪ್ಪಿತೆಂದು ಗೊತ್ತಾಗುವುದಿಲ್ಲ, ಏನೋ ತಪ್ಪಿತೆಂದು ಮಾತ್ರ ಗೊತ್ತಾಗುತ್ತದೆ. ಬಿ ಸೆವೆನ್ತ್‌ಗೆ 5, 3, 1ನೇ ತಂತಿಗಳ ಎರಡನೇ ಮನೆ, 4ನೇ ತಂತಿಯ ಮೊದಲ ಮನೆ ಒತ್ತಬೇಕು. 2ನೆಯದನ್ನು ಒತ್ತದೆ ಮೀಟಬೇಕು, 6ನೆಯದನ್ನು ಮೀಟಬಾರದು. ಕಿರುಬೆರಳು 1ನೇ ತಂತಿಯನ್ನು ಒತ್ತುವಾಗ ಉಂಗುರ ಬೆರಳು ವಾಲಿ 2ನೇ ತಂತಿಗೆ ತಾಗಿ ಅದು ಮೂಗುಬ್ಬಸ ಹಿಡಿದಂತೆ ಆಗುತ್ತದೆ. ಮಣಿಕಟ್ಟನ್ನು ಸ್ವಲ್ಪ ಮುಂದಕ್ಕೆ ತಂದು ಬೆರಳನ್ನು ಕಮಾನಿನಂತೆ ನಿಲ್ಲಿಸಿದರೆ ಸರಿಹೋಗುತ್ತದೆ.

ಪಲ್ಲವಿಯಲ್ಲಿ ಸಿ, ಎ, ಡಿ ಬರುತ್ತವೆ. ಸಿ ಕಾರ್ಡ್‌ನಲ್ಲಿ ಕೋಮಲ ಧೈವತ ಇದೆ, ಅದರ ಬೆನ್ನಿಗೇ ಬರುವ ಎ ಮೇಜರ್‌ನಲ್ಲಿ ಶುದ್ಧ ಧೈವತ. ನಮ್ಮ ಸಂಗೀತದಲ್ಲಿ ಒಂದೇ ಸ್ವರದ ಎರಡು ರೂಪ ಹೀಗೆ ಪಕ್ಕಪಕ್ಕ ಬಂದರೆ ಗವಾಯಿಗಳು ಎಷ್ಟು ಜತನ ಮಾಡುತ್ತಾರೆ ಎಂದು ಕೇಳುಗರಿಗೆ ಗೊತ್ತು. ಇಲ್ಲಿಯೂ ಹಾಡು ಮೇಲಕ್ಕೆ ಎದ್ದಂತೆ ಆಗುವುದು ಆ ಅರ್ಧ ಸ್ವರದ ಏರಿಕೆಯಿಂದ. ಹಾರ್ಮೋನಿಯಮ್ ಜೊತೆಗಿದ್ದರೆ ವಾದಕರು ‘ಥಾಟು ಅಸಾವರಿ’ ಎಂದು ಕೇಳಿಕೊಂಡು ಕೋಮಲ ಧೈವತವನ್ನೇ ಹಿಡಿದು ಕೂರುತ್ತಾರೆ. ಆಗ ಎ ಕಾರ್ಡ್ ಮೇಲೆ ಎರಡು ಧೈವತ ಒಟ್ಟಿಗೆ ಕಚ್ಚಾಡುತ್ತವೆ. ಇಡೀ ಹಾಡಿನಲ್ಲಿ ಶುದ್ಧ ಧೈವತ ಬೇಕಾದದ್ದು ಎ ಕಾರ್ಡ್ ಇರುವಲ್ಲಿ, ಶುದ್ಧ ನಿಷಾದ ಬೇಕಾದದ್ದು ಬಿ ಸೆವೆನ್ತ್ ಇರುವಲ್ಲಿ. ಚೀಟಿಯಲ್ಲಿ ಬರೆದು ಹಾರ್ಮೋನಿಯಮ್ ಮೇಲೆ ಇಟ್ಟುಕೊಳ್ಳಿ.

ಶ್ರುತಿಯ ತೊಂದರೆ ಈ ಹಾಡಿನಲ್ಲಿ ಬೇರೆಲ್ಲದಕ್ಕಿಂತ ಹೆಚ್ಚು. ಕಾರಣ ಆಗಲೇ ಹೇಳಿದ್ದೇ: ಶುರುವಾಗುವುದೇ ಬಿಡಿ ತಂತಿಯಲ್ಲಿ. ಒತ್ತಿ ನುಡಿಸುವಾಗ ಬೆರಳನ್ನು ತುಸು ಜಗ್ಗಿ ಅಪಶ್ರುತಿ ಮುಚ್ಚಬಹುದು, ಬಿಡಿ ತಂತಿಗೆ ಆ ಉಪಾಯ ಇಲ್ಲ. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಉಕ್ಕಿನ ತಂತಿ ಕಾದರೆ ಹಿಗ್ಗುತ್ತದೆ, ಬಿಗಿ ಸಡಿಲವಾಗಿ ಸ್ವರ ಇಳಿಯುತ್ತದೆ. ಎ.ಸಿ. ಕೋಣೆಯಲ್ಲಿ ಟ್ಯೂನ್ ಮಾಡಿಕೊಂಡು ಫೋಕಸ್ ದೀಪಗಳ ಕೆಳಗೆ ಬಂದರೆ ಐದೇ ನಿಮಿಷದಲ್ಲಿ ಆರೂ ತಂತಿ ಆರು ದಿಕ್ಕು. ವಾದ್ಯವನ್ನು ವೇದಿಕೆಯ ಪಕ್ಕದಲ್ಲೇ ಹದಿನೈದು ನಿಮಿಷ ಇಟ್ಟು, ಅಲ್ಲಿನ ಕಾವಿಗೆ ಹೊಂದಿದ ಮೇಲೆ ಟ್ಯೂನ್ ಮಾಡಿ. ಹೊಸ ತಂತಿಯನ್ನು ಕಾರ್ಯಕ್ರಮದ ದಿನ ಹಾಕಬೇಡಿ. ಹಿಂದಿನ ದಿನ ಹಾಕಿ, ಒಂದೊಂದನ್ನೂ ಹನ್ನೆರಡನೇ ಮನೆಯ ಹತ್ತಿರ ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಟ್ಯೂನ್ ಮಾಡುವುದನ್ನು ನಾಲ್ಕೈದು ಸಲ ಮಾಡಿದರೆ ತಂತಿ ನಿಲ್ಲುತ್ತದೆ. ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಟ್ಟ ಗಿಟಾರಿನ ಅಂಟು ಮೆತ್ತಗಾಗಿ ಬ್ರಿಡ್ಜ್ (ಹೊಟ್ಟೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಹಿಂದಿನಿಂದ ಏಳುತ್ತದೆ. ಒಂದು ಕಾಗದದ ತುದಿ ಅದರಡಿ ತೂರಿದರೆ ವಾದ್ಯ ರಿಪೇರಿಗೆ ಹೋಗಬೇಕೆಂದೇ ಅರ್ಥ. ಬೇಸಿಗೆಯ ಒಣ ಹವೆಗೆ ಮರ ಬಿರಿಯದಂತೆ, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಾಂಜ್ ಇಟ್ಟು ಕೇಸಿನೊಳಗೆ ಇಡುವುದು ಅಗ್ಗದ, ನಂಬಬಹುದಾದ ಉಪಾಯ. ನೀರು ತೊಟ್ಟಿಕ್ಕುವಷ್ಟು ಒದ್ದೆ ಮಾತ್ರ ಬೇಡ.

ತಂಬೂರಿ ಕೇಳಿ ಬೆಳೆದ ಕಿವಿಯವರು ಮಾಡುವ ಒಂದು ಜಾಣ ತಪ್ಪಿದೆ. ಈ ಹಾಡಿನ ಮೊದಲ ಆವರ್ತಕ್ಕೆ ಜಿ ತಂತಿ ತುಸು ಇಳಿದಂತೆ ಅವರಿಗೆ ಕೇಳುತ್ತದೆ. ಕೇಳುವುದು ಸರಿಯೇ. ಗಿಟಾರಿನ ಸಮಪಾಲಿನ ಶ್ರುತಿಯಲ್ಲಿ ಕೋಮಲ ಗಾಂಧಾರ 300 ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್), ತಂಬೂರಿಯ ಸಹಜ ಶ್ರುತಿಯಲ್ಲಿ ಸುಮಾರು 316 ಸೆಂಟ್. ಹಾಗೆಂದು ಕಿವಿಗೆ ಇಂಪಾಗುವವರೆಗೆ ಆ ತಂತಿಯನ್ನು ಏರಿಸಿದರೆ ಮೊದಲ ಆವರ್ತ ಜೇನು, ಆಮೇಲೆ ಜಿ ಕಾರ್ಡ್ ಬಂದಾಗ ಅದೇ ತಂತಿ ಮಿಕ್ಕವುಗಳ ಮೇಲೆ ಜಗಳಕ್ಕೆ ನಿಲ್ಲುತ್ತದೆ. ಟ್ಯೂನರ್ ಹೇಳಿದ್ದಕ್ಕೆ ನಿಲ್ಲಿ. ಇನ್ನೊಂದು ಗೊಂದಲ: ಆಲ್ಬಮ್‌ನಲ್ಲಿ ಹಾಡು ಸರಿಯಾಗಿ ಬಿಳಿ ಮೂರರಲ್ಲಿದೆ. ತಂಡ ವೇದಿಕೆಯ ಮೇಲೆ ಈಗೆಲ್ಲ ಅರ್ಧ ಸ್ವರ ಇಳಿಸಿಕೊಂಡು, ಕಪ್ಪು ಎರಡರಲ್ಲಿ ನುಡಿಸುತ್ತದೆ. ಕಛೇರಿಯ ವಿಡಿಯೊ ಹಚ್ಚಿಕೊಂಡು ಕಲಿಯುವ ಹುಡುಗರು ತಮ್ಮ ಗಿಟಾರೇ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ಯುತ್ತಾರೆ.

ಬಲಗೈಗೆ ಪಿಕ್ (ತಂತಿ ಮೀಟುವ ಚಿಪ್ಪು) ಬೇಡ, ಬೆರಳೇ ಸರಿ. ಹೆಬ್ಬೆರಳು 6ಕ್ಕೆ, ತೋರುಬೆರಳು 3ಕ್ಕೆ, ನಡುಬೆರಳು 2ಕ್ಕೆ, ಉಂಗುರ ಬೆರಳು 1ಕ್ಕೆ. ಪಿಕ್‌ನಲ್ಲಾದರೆ 6ರಿಂದ 3ಕ್ಕೆ ಜಿಗಿಯುವಾಗ ನಡುವಿನ ಎರಡು ತಂತಿಗಳಲ್ಲೊಂದು ಎಡವುತ್ತದೆ. ಹೆಬ್ಬೆರಳು ಮೀಟಿದ ಮೇಲೆ ಗಾಳಿಗೆ ಹಾರದೆ 5ನೇ ತಂತಿಯ ಮೇಲೆ ಬಂದು ಕೂರಲಿ. ಆಗ ಆ ತಂತಿ ತಾನಾಗಿ ಗುಂಯ್‌ಗುಡುವುದು ನಿಲ್ಲುತ್ತದೆ. ಹೊಸಬರೆಲ್ಲರ ಒಂದೇ ದೋಷ, ಹತ್ತುವ ಮೂರು ಮೀಟನ್ನು ಸಮನಾಗಿ ಹಾಕಿ ಇಳಿಯುವ ಎರಡರಲ್ಲಿ ಓಡುವುದು. ಮೆಟ್ರೊನೋಮ್ (ಟಿಕ್ ಟಿಕ್ ಎಂದು ಗತಿ ತೋರಿಸುವ ಯಂತ್ರ) 90ಕ್ಕೆ ಇಟ್ಟು ಒಂದು ಟಿಕ್‌ಗೆ ಒಂದು ಮೀಟು, ದಿನಕ್ಕೆ ಹತ್ತು ನಿಮಿಷ. ವಾರಕ್ಕೆ ಹತ್ತರಂತೆ ಏರಿಸಿ 140 ಮುಟ್ಟಿದ ಮೇಲೆ, ಅದನ್ನೇ 47ಕ್ಕೆ ಇಳಿಸಿ ಟಿಕ್‌ಗೆ ಮೂರು ಮೀಟು. ಈ ಎರಡನೆಯದು ಬಂದರೆ ತಾಳ ಮೈಗೆ ಹತ್ತಿತು ಎಂದು ತಿಳಿಯಬಹುದು.

ಸೋಲೋದಲ್ಲಿ ತಂತಿ ಎಳೆಯುವುದು ನಮ್ಮ ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವುದರ) ದಾಯಾದಿ. ಎರಡು ಮನೆ ಮೇಲಿನ ಸ್ವರವನ್ನು ಮೊದಲು ಒತ್ತಿ ಕೇಳಿ, ಆಮೇಲೆ ಕೆಳಗಿನಿಂದ ಎಳೆದು ಅದೇ ಸ್ವರಕ್ಕೆ ಮುಟ್ಟಿಸಿ. ಹೀಗೆ ಮಾಡದೆ ಅಂದಾಜಿನ ಮೇಲೆ ಎಳೆದರೆ ಅರ್ಧಕ್ಕೇ ನಿಂತು ನರಳುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ 10-46ರ ತಂತಿ (ದಪ್ಪದ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ) ಸಾಕು. ಅಕೌಸ್ಟಿಕ್‌ನಲ್ಲಿ 12-53 ಇದ್ದರೆ 3ನೆಯದು ಸುತ್ತು ತಂತಿ, ಪೂರ್ತಿ ಸ್ವರ ಎಳೆಯಲು ಬೆರಳು ಸಾಲದು. ಅಲ್ಲಿ ಜಾರಿಸಿ ನುಡಿಸುವುದು ಮರ್ಯಾದೆ. ಜೋರು ಕೇಳಲೆಂದು ಪೆಡಲ್‌ನಲ್ಲಿ ಗೇನ್ (ಸದ್ದನ್ನು ಒರಟು ಮಾಡುವ ಗುಂಡಿ) ಏರಿಸುವುದು ಬೇಡ. ಗೇನ್ ಇದ್ದಷ್ಟೇ ಇರಲಿ, ವಾಲ್ಯೂಮ್ ಏರಿಸಿ.

ಸೌಂಡ್ ಬಗ್ಗೆ ನಮ್ಮವರನ್ನೇ ಬೈಯಬೇಕಾಗಿದೆ. ಹಾಡು ಮೆಲ್ಲಗೆ ಶುರುವಾಗಿ ಹಂತ ಹಂತವಾಗಿ ಬೆಳೆಯುತ್ತದೆ, ಸೋಲೋದ ಹೊತ್ತಿಗೆ ತುಂಬಿ ಹರಿಯುತ್ತದೆ. ನಮ್ಮವರು ಮೊದಲ ಮೀಟು ಕೇಳದೆಂದು ಮಿಕ್ಸರಿನ ಫೇಡರ್ ಮೇಲಕ್ಕೆ ತಳ್ಳುತ್ತಾರೆ, ಡ್ರಮ್ ಸೇರಿದೊಡನೆ ಪೆಟ್ಟಿಗೆಗಳು ಹರಿದುಹೋಗುವಂತೆ ಅರಚುತ್ತವೆ. ಸೌಂಡ್ ಚೆಕ್‌ನಲ್ಲಿ ಮೊದಲು ಸೋಲೋ ನುಡಿಸಿರಿ, ಅದರ ಜೋರಿಗೆ ಮಟ್ಟ ಕಟ್ಟಿ, ಶುರುವಿನ ಮೀಟು ಸಣ್ಣಗೇ ಇರಲಿ. ಸಣ್ಣಗಿದ್ದರೆ ಜನ ಕಿವಿಗೊಡುತ್ತಾರೆ. ಅಕೌಸ್ಟಿಕ್ ಗಿಟಾರಿನ ಮುಂದಿನ ಮೈಕನ್ನು ಹೊಟ್ಟೆಯ ತೂತಿಗೆ ಹಿಡಿಯಬೇಡಿ. ಅಲ್ಲಿ ಮಂದ್ರ ನಾದ ಒತ್ತಾಗಿ ಬಂದು ಕೂಗು ಏಳುತ್ತದೆ. ಕುತ್ತಿಗೆ ಹೊಟ್ಟೆ ಕೂಡುವ ಜಾಗಕ್ಕೆ 15-20 ಸೆಂ.ಮೀ. ದೂರದಲ್ಲಿ ಇಡಿ. ಲೋ-ಕಟ್ (ಮಂದ್ರ ನಾದ ಕತ್ತರಿಸುವ ಸ್ವಿಚ್ಚು) ಹಾಕುವುದಾದರೆ 80 ಹರ್ಟ್ಸ್ ದಾಟಬೇಡಿ, ದಪ್ಪ ತಂತಿಯ ಬಿಡಿ ಸ್ವರ ಇರುವುದೇ 82ರಲ್ಲಿ. ಅದನ್ನೇ ಕತ್ತರಿಸಿದರೆ ಸಮವೇ ಇಲ್ಲದ ದಾದ್ರಾ ಆಗುತ್ತದೆ. ಎಕೋ ಎಂಬುದು ನಮ್ಮ ಕಡೆಯ ದೊಡ್ಡ ರೋಗ. ಭಾಷಣಕ್ಕೂ ಎಕೋ, ಭಜನೆಗೂ ಎಕೋ. ಈ ಹಾಡಿಗೆ ತೋಚಿದಷ್ಟು ಎಕೋ ಕೊಟ್ಟರೆ ಆರು ಮೀಟು ಹನ್ನೆರಡಾಗಿ ಕಲಸುತ್ತದೆ. ಬೇಕೇ ಬೇಕೆಂದರೆ 430 ಮಿಲಿಸೆಕೆಂಡಿಗೆ ಇಡಿ. 140ರ ಗತಿಯಲ್ಲಿ ಒಂದು ಮಾತ್ರೆ ಅಷ್ಟೇ ಇರುವುದರಿಂದ ಮರುದನಿ ಮುಂದಿನ ಮೀಟಿನ ಮೇಲೇ ಬಂದು ಬೀಳುತ್ತದೆ. ಜನರೇಟರ್ ಮೇಲೆ ನಡೆಯುವಾಗ ಗಿಟಾರ್ ಆಂಪ್ಲಿಫೈಯರನ್ನೂ ಮಿಕ್ಸರನ್ನೂ ಒಂದೇ ಬೋರ್ಡಿನಿಂದ ಕೊಡಿ, ದೀಪಗಳಿಗೆ ಬೇರೆ ಲೈನ್ ಎಳೆಯಿರಿ. ಎರಡು ಕಡೆಯ ಅರ್ತಿಂಗ್ ಬೇರೆಯಾದರೆ 50 ಹರ್ಟ್ಸ್ ಗುಂಯ್‌ ಶಬ್ದ ಹಾಡು ಮುಗಿಯುವವರೆಗೆ ಬಿಡದು.

ನಿರೂಪಕರಲ್ಲಿ ಒಂದು ಕೈಮುಗಿದ ಬೇಡಿಕೆ. ದನಿ ಬರುವ ಮೊದಲು ಸುಮಾರು ಒಂದು ನಿಮಿಷ ಬರೀ ವಾದ್ಯವಿದೆ. ಅದು ನಿಮ್ಮ ಶಾಯರಿಗೆ ಬಿಟ್ಟ ಜಾಗ ಅಲ್ಲ.

ಹಾಡುವವರಿಗೆ ಹೇಳುವುದು ಕಡಿಮೆ. ದನಿ ಕೆಳಗೆ ನಿಲ್ಲದಿದ್ದರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಐದನೇ ಮನೆಗೆ ಕೇಪೋ (ಆರೂ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿದರೆ ಹಾಡು ಎ ಮೈನರ್‌ಗೆ, ಬಿಳಿ ಆರಕ್ಕೆ ಬರುತ್ತದೆ. ಬಿಡಿ ತಂತಿಯ ಕ್ರಮ ಹಾಗೇ ಉಳಿಯುತ್ತದೆ, ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ. ಅಮೆರಿಕದವರ ಗಂಟಲು ಅನುಕರಿಸಿ ಗುರುಗುಟ್ಟುವ ಅಗತ್ಯವಿಲ್ಲ. ಪದಗಳು ಸರಳ, ಹೆಚ್ಚಿನವು ಒಂದೆರಡು ಉಚ್ಚಾರದವು. ದೂರವಿದ್ದರೂ ಹತ್ತಿರ, ಆಡಿಕೊಳ್ಳುವವರ ಮಾತಿಗೆ ಬೆಲೆ ಕೊಡೆ, ನಂಬಿಕೆ ಒಂದೇ ಸಾಕು, ಇಷ್ಟೇ ಅದರ ಸಾರ. ದುಡಿಮೆಗೆಂದು ಬೆಂಗಳೂರು, ಹೈದರಾಬಾದು ಸೇರಿದವರು ಮನೆಮನೆಯಲ್ಲಿರುವ ಜಿಲ್ಲೆ ನಮ್ಮದು, ಈ ಮಾತಿಗೆ ಟೀಕೆ ಟಿಪ್ಪಣಿ ಬೇಕಿಲ್ಲ. ಪ್ರತಿ ಚರಣದ ಕೊನೆಗೆ ಅದೇ ಸಾಲು ಮರಳಿ ಬರುವ ಕಟ್ಟು ಜಗನ್ನಾಥದಾಸರ ಮಾನ್ವಿಯ ಸೀಮೆಗೆ ಪರಕೀಯವೇನಲ್ಲ. ಕನ್ನಡದಲ್ಲೇ ಹಾಡಬೇಕೆನ್ನುವವರು ಪದಕ್ಕೆ ಪದ ಅನುವಾದಕ್ಕೆ ಹೋಗದೆ ಮೂರು ಮಾತ್ರೆಯ ಗಣದಲ್ಲಿ ಹೊಸ ಸಾಲು ಬರೆಯಲಿ. ಭೋಗ ಷಟ್ಪದಿಯ ಹನ್ನೆರಡು ಮಾತ್ರೆಯ ಸಾಲು ಎರಡು ಆವರ್ತಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ.

ಹಾಡಿನ ಎಲುಬು ಗಟ್ಟಿ ಎಂಬುದಕ್ಕೆ ಸಾಕ್ಷಿ ಬೇಕೆಂದರೆ ಬೇರೆಯವರು ಅದನ್ನು ಏನೇನು ಮಾಡಿದರೆಂದು ನೋಡಬಹುದು. ಫಿನ್ಲೆಂಡಿನ ಅಪೊಕಲಿಪ್ಟಿಕಾ ತಂಡ 1998ರಲ್ಲಿ ಬರೀ ಚೆಲ್ಲೋಗಳಲ್ಲಿ ನುಡಿಸಿತು, ಮಾತೇ ಇಲ್ಲದೆ. 1999ರ ಏಪ್ರಿಲ್‌ನಲ್ಲಿ ಮೆಟಾಲಿಕಾ ತಾನೇ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆ ಕೂತು ನುಡಿಸಿತು, ಮುಂದೆ ನಿಂತು ನಡೆಸಿದವರು ಅದೇ ಕಾಮೆನ್. 2021ರಲ್ಲಿ ಆಲ್ಬಮ್‌ಗೆ 30 ತುಂಬಿದಾಗ ಹೊರಬಂದ ಸಂಗ್ರಹದಲ್ಲಿ ಬೇರೆ ಬೇರೆ ಕಲಾವಿದರ 53 ಧ್ವನಿಮುದ್ರಣಗಳಿದ್ದವು. ಅದರಲ್ಲಿ 12 ಈ ಒಂದೇ ಹಾಡಿನವು. ಪಾಪ್, ಕಂಟ್ರಿ, ಬರೀ ಪಿಯಾನೊ, ಎಲ್ಲ ವೇಷದಲ್ಲೂ ಹಾಡು ಗುರುತು ಸಿಗುತ್ತದೆ. ಅಬ್ಬರ ತೆಗೆದರೆ ಏನೂ ಉಳಿಯದ ಹಾಡುಗಳಿಗೆ ಈ ಭಾಗ್ಯ ಇರುವುದಿಲ್ಲ.

ಆದ್ದರಿಂದ ವಾರ್ಷಿಕೋತ್ಸವದ ಪಟ್ಟಿಯಿಂದ ಹಾಡನ್ನು ತೆಗೆಯಬೇಡಿ, ಪಟ್ಟಿಯಲ್ಲಿ ಅದರ ಜಾಗ ಬದಲಿಸಿ ಎಂಬುದು ಸಂಘಟಕರಿಗೆ ನಮ್ಮ ವಿನಂತಿ. ಎರಡು ಜೋರು ಕುಣಿತಗಳ ನಡುವೆ ತುರುಕಿದರೆ ಟ್ಯೂನ್ ಮಾಡಲು ಸಮಯ ಸಿಗುವುದಿಲ್ಲ. ಬಹುಮಾನ ವಿತರಣೆ ಮುಗಿದ ಮೇಲೆ ಮೊದಲನೆಯದಾಗಿ ಇಡಿ. ಬಹುಮಾನ ಹಂಚುವ ಅರ್ಧ ಗಂಟೆಯಲ್ಲಿ ಹುಡುಗರು ಪರದೆಯ ಹಿಂದೆ ಕೂತು ತಂತಿ ಸರಿಮಾಡಿಕೊಳ್ಳುತ್ತಾರೆ, ದಾಯಾಕ್ಕೆ ಸುತ್ತಿಗೆ ತಾಗಿಸಿಕೊಳ್ಳುತ್ತಾರೆ. ಪತ್ರ ಬರೆದ ಹಿರಿಯರು ಆಗ ಮುಂದಿನ ಸಾಲಿನಲ್ಲಿ ಕೂತು ಬೆರಳಲ್ಲಿ ಆರು ಎಣಿಸುತ್ತಾ ಕೇಳಲಿ. ಸಮ ತಪ್ಪಿದರೆ ನಮ್ಮನ್ನು ಕೇಳಲಿ.

ಇಂತಿ,
ಗಿಟಾರ್, ತಬಲಾ ಮತ್ತು ಸೌಂಡ್ ಕೆಲಸದ ಮೂವರು ಓದುಗರು, ರಾಯಚೂರು